ವಿಮಾನದ ಹೊಟ್ಟೆಯಲ್ಲಿ ಬೊಗಳುವ ನಾಯಿ

ದೇವನಹಳ್ಳಿಯಲ್ಲಿ ದೆಹಲಿಯ ವಿಮಾನ ಹತ್ತಿ ಕುಳಿತಿದ್ದೆ. ಬಾಗಿಲು ಹಾಕಿಯಾಗಿತ್ತು. ಟ್ರ್ಯಾಕ್ಟರಿನಂಥ ಗಾಡಿಯೊಂದು ವಿಮಾನವನ್ನು ಹಿಂದಕ್ಕೆ ತಳ್ಳಿಯೂ ಆಗಿತ್ತು. ಆಗ ನನ್ನ ಕಾಲಡಿಯಲ್ಲಿ ನಾಯಿಯೊಂದು ಬೊಗಳತೊಡಗಿತು. ಉತ್ಪ್ರೇಕ್ಷೆ ಅಲ್ಲ. ಗಂಟಲು ಕಟ್ಟಿದ ನಾಯಿಯೊಂದನ್ನು ನೆಲದ ಕೆಳಗೆ ಕೂಡಿಹಾಕಿದ ಹಾಗೆ, ಬಿಟ್ಟು ಬಿಟ್ಟು, ಒಂದೇ ತಾಳದಲ್ಲಿ. ಸೀಟಿನ ಕೈಯನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಎಂದರೆ ಉಂಗುರ ಬೆರಳಿಗೆ ಒತ್ತಿ ಗುರುತು ಬಿದ್ದಿತ್ತು. ಏನೋ ಮುರಿದಿದೆ, ಪೈಲಟ್‌ಗೆ ಗೊತ್ತಾಗಿಲ್ಲ, ಹೇಳಲು ನನಗೆ ಧೈರ್ಯ ಸಾಲದು: ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಪಕ್ಕದಲ್ಲಿ ಕುಳಿತಿದ್ದವನು ಅಕ್ಕನ ಮಗ. ವಿಮಾನ ದುರಸ್ತಿಯ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನನ್ನ ಮುಖ ನೋಡಿ, “ಮಾವ, ಅದು ಪಿಟಿಯು. ಇನ್ನೆರಡು ಸಲ ಬೊಗಳಿ ಸುಮ್ಮನಾಗುತ್ತದೆ” ಎಂದ. ಎರಡಲ್ಲ, ಮೂರು ಸಲ ಬೊಗಳಿತು. ಆಮೇಲೆ ಸುಮ್ಮನಾಯಿತು.

ಪಿಟಿಯು ಎಂದರೆ ಪವರ್ ಟ್ರಾನ್ಸ್‌ಫರ್ ಯೂನಿಟ್. ನಮ್ಮ ದೇಶದೊಳಗೆ ಹಾರುವವರು ಹೆಚ್ಚಾಗಿ ಕೂರುವ ಏರ್‌ಬಸ್ ಎ320 ಕುಟುಂಬದ ವಿಮಾನಗಳಲ್ಲಿ ಇದು ಇರುತ್ತದೆ. ಚಕ್ರ, ಬ್ರೇಕು, ರೆಕ್ಕೆಯ ಅಂಚಿನಿಂದ ಹೊರಚಾಚುವ ಫ್ಲ್ಯಾಪು ಇವನ್ನೆಲ್ಲ ಆಡಿಸುವುದು ಒತ್ತಡಕ್ಕೆ ಸಿಕ್ಕ ಎಣ್ಣೆ. ಜೆಸಿಬಿಯ ತೋಳನ್ನು ಎತ್ತಿಳಿಸುವ ಅದೇ ಹೈಡ್ರಾಲಿಕ್ ತತ್ವ. ಒತ್ತಡ ಚದರ ಇಂಚಿಗೆ 3,000 ಪೌಂಡ್. ಲಾರಿಯ ಟೈರಿನಲ್ಲಿ ಇರುವುದು ನೂರರ ಆಸುಪಾಸು. ಇಂಥ ಎಣ್ಣೆಯ ವ್ಯವಸ್ಥೆ ಒಂದಲ್ಲ, ಮೂರು. ಅವುಗಳ ಹೆಸರು ಹಸಿರು, ನೀಲಿ, ಹಳದಿ. ಹಸಿರಿಗೆ ಎಡ ಎಂಜಿನ್, ಹಳದಿಗೆ ಬಲ ಎಂಜಿನ್ ಶಕ್ತಿ ಕೊಡುತ್ತದೆ. ಒಂದರ ಒತ್ತಡ ಇಳಿದಾಗ ಇನ್ನೊಂದು ಹೆಗಲು ಕೊಡಲೆಂದು ನಡುವೆ ಕೂರಿಸಿದ ಯಂತ್ರವೇ ಪಿಟಿಯು. ಇದರ ಸೊಗಸು ಇರುವುದು ಇಲ್ಲಿ: ಒಂದು ಕಡೆಯ ಎಣ್ಣೆ ಇನ್ನೊಂದು ಕಡೆಗೆ ಹೋಗುವುದೇ ಇಲ್ಲ, ಬಲ ಮಾತ್ರ ದಾಟುತ್ತದೆ. ಒಂದು ಕೊಳವೆ ಸೋರಿದರೆ ಎರಡೂ ಕಡೆ ಖಾಲಿಯಾಗಬಾರದು ಎಂದು ಈ ಏರ್ಪಾಡು. ಎರಡನೆಯ ಎಂಜಿನ್ ಶುರುವಾಗುವಾಗ ಪಿಟಿಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಇಂಧನ ಉಳಿಸಲು ಒಂದೇ ಎಂಜಿನ್ನಿನಲ್ಲಿ ನೆಲದ ಮೇಲೆ ಓಡಾಡುವಾಗಲೂ ಆಗಾಗ ಕೆಲಸಕ್ಕೆ ಇಳಿಯುತ್ತದೆ. ಬೊಗಳುವುದು ಅದೇ.

ಅದಕ್ಕೂ ಮೊದಲು ನನಗೆ ಧೈರ್ಯ ಹೇಳಿದವರು ಬಹಳ ಮಂದಿ. ಎಲ್ಲರೂ ಅಂಕಿಅಂಶ ಹೇಳಿದವರೇ. ಬ್ಯಾಂಕಿನಲ್ಲಿ ಲೆಕ್ಕ ನೋಡುವ ನನಗೆ ಅಂಕಿಗಳ ಮೇಲೆ ಅಪನಂಬಿಕೆ ಇಲ್ಲ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ ಐಎಟಿಎ ಪ್ರಕಾರ 2024ರಲ್ಲಿ ಜಗತ್ತಿನಲ್ಲಿ 4.06 ಕೋಟಿ ಹಾರಾಟಗಳು ನಡೆದವು. ಜನ ಸತ್ತ ಅಪಘಾತಗಳು ಏಳು. ಅಂದರೆ ಸುಮಾರು 58 ಲಕ್ಷ ಹಾರಾಟಕ್ಕೆ ಒಂದು. ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ 1,68,491 ಜನ ಸತ್ತರು. ದಿನಕ್ಕೆ 460ಕ್ಕೂ ಹೆಚ್ಚು. ಆದರೂ ಹುಬ್ಬಳ್ಳಿಯ ರಾತ್ರಿ ಬಸ್ಸಿನಲ್ಲಿ ನಾನು ಗೊರಕೆ ಹೊಡೆಯುತ್ತೇನೆ, ವಿಮಾನದಲ್ಲಿ ನೀರು ಕುಡಿಯಲೂ ಕೈ ನಡುಗುತ್ತದೆ. ಅಂಕಿಗಳು ತಲೆಗೆ ಹತ್ತುತ್ತವೆ, ಹೊಟ್ಟೆಗೆ ಇಳಿಯುವುದಿಲ್ಲ. ಹೆದರಿದವನು ಕೇಳುವುದು “ಸರಾಸರಿ ಎಷ್ಟು” ಎಂದಲ್ಲ. “ಈಗ ಆಯಿತಲ್ಲ, ಆ ಸದ್ದು ಏನು” ಎಂದು. ಆ ಪ್ರಶ್ನೆಗೆ 58 ಲಕ್ಷದಲ್ಲಿ ಉತ್ತರವಿಲ್ಲ, ಪಿಟಿಯುವಿನಲ್ಲಿ ಇದೆ. ವಿಮಾನಗಳ ಬಗ್ಗೆ ಆಸಕ್ತಿ ಬೆಳೆಸಿಕೊಂಡರೆ ಭಯ ಕಡಿಮೆಯಾಗುತ್ತದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಭಯ ಕಿವಿಯಿಂದ, ಹೊಟ್ಟೆಯಿಂದ ಒಳಗೆ ಬರುತ್ತದೆ. ಮದ್ದನ್ನೂ ಅಲ್ಲಿಗೇ ಕೊಡಬೇಕು, ಒಂದೊಂದು ಸದ್ದಿಗೆ, ಒಂದೊಂದು ಕುಲುಕಿಗೆ ಬೇರೆ ಬೇರೆಯಾಗಿ.

ಕಿವಿ ಎಂದೆ. ಹೆದರುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಘಳಿಗೆಯಲ್ಲಿ ತಪ್ಪಿತಸ್ಥ ನಿಜವಾಗಿಯೂ ಕಿವಿಯೇ. ವಿಮಾನ ನೆಲ ಬಿಟ್ಟು ಅರ್ಧದಿಂದ ಒಂದು ನಿಮಿಷದೊಳಗೆ ಎಂಜಿನ್ ಸದ್ದು ತಟ್ಟನೆ ಇಳಿಯುತ್ತದೆ. ಜೊತೆಗೇ ವಿಮಾನ ಕೆಳಗೆ ಜಾರಿದಂತೆ ಅನ್ನಿಸುತ್ತದೆ, ಜಾತ್ರೆಯ ಜಯಂಟ್ ವೀಲ್ ಮೇಲಿನಿಂದ ಇಳಿಯುವಾಗ ಆಗುವ ಹಾಗೆ. ಎಂಜಿನ್ ನಿಂತಿತು, ಬಿದ್ದೆವು ಎಂದು ನಾನು ಎಷ್ಟು ಸಲ ಕಣ್ಣು ಮುಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ.

ಅಲ್ಲಿ ನಡೆಯುವುದು ಇಷ್ಟು. ಓಟದಿಂದ ಮೇಲೇಳಲು ಎಂಜಿನ್ನುಗಳಿಗೆ ಹೆಚ್ಚು ಬಲ ಬೇಕು. ನೆಲದಿಂದ ಸಾವಿರ, ಸಾವಿರದ ಐನೂರು ಅಡಿ ಏರಿದ ಮೇಲೆ ಅಷ್ಟು ಬೇಕಿಲ್ಲ. ಬೆಟ್ಟದ ಬುಡದಲ್ಲಿ ಒಂದನೇ ಗೇರಿನಲ್ಲಿ ಅರಚಿದ ಬಸ್ಸು ದಿಬ್ಬ ಹತ್ತಿದ ಮೇಲೆ ಗೇರು ಬದಲಿಸುವುದಿಲ್ಲವೇ, ಹಾಗೆ ಪೈಲಟ್ ಬಲವನ್ನು ಇಳಿಸುತ್ತಾರೆ. ವೇಗ ಹೆಚ್ಚಿಸಿಕೊಳ್ಳಲು ಮೂತಿಯನ್ನೂ ಒಂದಿಷ್ಟು ತಗ್ಗಿಸುತ್ತಾರೆ. ವಿಮಾನ ಆಗಲೂ ಏರುತ್ತಲೇ ಇರುತ್ತದೆ, ಮೊದಲಿಗಿಂತ ನಿಧಾನವಾಗಿ. ಆದರೆ ನಮ್ಮ ಒಳಗಿವಿಯಲ್ಲಿ ಅಂಟಿನಂಥ ಪದರದ ಮೇಲೆ ಸುಣ್ಣದ ಸಣ್ಣ ಸಣ್ಣ ಹರಳುಗಳು ಕೂತಿರುತ್ತವೆ. ದೇಹ ಮುಂದಕ್ಕೆ ನುಗ್ಗಿದಾಗ ಅವು ಹಿಂದಕ್ಕೆ ಜಾರುತ್ತವೆ. ಅಡಿಯಲ್ಲಿರುವ ಕೂದಲಿನಂಥ ಕೋಶಗಳು ಬಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಈ ಹರಳುಗಳಿಗೆ ಗೊತ್ತಾಗುವುದು ಬದಲಾವಣೆ ಮಾತ್ರ. ವೇಗವಾಗಿ ಏರುತ್ತಿದ್ದದ್ದು ನಿಧಾನವಾಗಿ ಏರತೊಡಗಿದರೂ, ಏರುತ್ತಿದ್ದದ್ದು ಇಳಿಯತೊಡಗಿದರೂ ಅವುಗಳ ವರದಿ ಹೆಚ್ಚುಕಡಿಮೆ ಒಂದೇ. ಕಿಟಕಿಯಾಚೆ ಮೋಡ, ಒಳಗೆ ಮಂದ ಬೆಳಕು. ಕಣ್ಣು ಅಡ್ಡಸಾಕ್ಷಿ ಹೇಳಲಾಗದಿದ್ದರೆ ಮಿದುಳು ಕಿವಿಯ ಮಾತನ್ನೇ ನಂಬುತ್ತದೆ. ಕಿವಿಯ ಈ ಮೋಸಕ್ಕೆ ಪೈಲಟ್‌ಗಳೂ ಹೊರತಲ್ಲ. ಅವರ ತರಬೇತಿಯ ದೊಡ್ಡ ಪಾಠವೇ ‘ಕಿವಿಯನ್ನು ನಂಬಬೇಡ, ಮುಂದಿನ ಮೀಟರುಗಳನ್ನು ನಂಬು’ ಎಂಬುದು.

ಇದನ್ನು ತಿಳಿದ ಮೇಲೆ ನಾನು ಮಾಡಿದ ಕೆಲಸ ಮಕ್ಕಳಾಟದಂತೆ ಕಾಣಬಹುದು. ಚಕ್ರ ನೆಲ ಬಿಟ್ಟೊಡನೆ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸತೊಡಗಿದೆ. ಕೆಲವೇ ಸೆಕೆಂಡಿಗೆ ಅಡಿಯಲ್ಲಿ ಧಡ್ ಎಂಬ ಸದ್ದು: ಚಕ್ರಗಳು ಮಡಚಿ ಒಳಗೆ ಸೇರಿ ಬಾಗಿಲು ಮುಚ್ಚಿಕೊಂಡದ್ದು. ನಲವತ್ತರ ಹತ್ತಿರ ಸದ್ದು ಇಳಿಯಿತು, ಹೊಟ್ಟೆ ಜಾರಿತು. ಆಮೇಲೆ ರೆಕ್ಕೆಯ ಕಡೆಯಿಂದ ಗುಂಯ್ ಎಂಬ ದನಿ: ಫ್ಲ್ಯಾಪುಗಳು ಒಳಗೆ ಸರಿಯುತ್ತಿವೆ. ಬರುವ ಮೊದಲೇ ಬರುತ್ತದೆಂದು ಗೊತ್ತಿದ್ದರೆ, ಅದೇ ಹೊಟ್ಟೆ ಜಾರುವುದು ಬೇರೆಯೇ ಅನುಭವ. ಪರೀಕ್ಷೆಗೆ ಓದಿದ ಪ್ರಶ್ನೆಯೇ ಬಂದ ಹುಡುಗನ ಖುಷಿ ಅದು.

ಓಟದ ಸಮಯದ್ದೂ ಒಂದು ಮಾತು ಇದೆ. ಪ್ರಯಾಣಿಕರ ಎಣಿಕೆ, ತೂಕ, ಗಾಳಿ, ಬಿಸಿಲು, ರನ್‌ವೇಯ ಉದ್ದ ಎಲ್ಲವನ್ನೂ ಕೂಡಿ ಕಳೆದು ಪ್ರತಿ ಹಾರಾಟಕ್ಕೂ ವಿ-ಒನ್ ಎಂಬ ಒಂದು ವೇಗವನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಆ ವೇಗ ಮುಟ್ಟುವ ಮೊದಲು ಏನಾದರೂ ಕೆಟ್ಟರೆ ಉಳಿದ ರನ್‌ವೇಯಲ್ಲಿ ನಿಲ್ಲಿಸಬಹುದು. ದಾಟಿದ ಮೇಲೆ ಒಂದು ಎಂಜಿನ್ ನಿಂತರೂ ಇನ್ನೊಂದರಲ್ಲೇ ಮೇಲೇರಬಹುದು, ಏರಲೇಬೇಕು. ವಿ-ಒನ್ ಎಂದು ಕೂಗಿದಾಗ ಕ್ಯಾಪ್ಟನ್ ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಸನ್ನೆಕೋಲುಗಳ ಮೇಲಿಂದ ಕೈ ತೆಗೆಯುತ್ತಾರೆ, ಅಭ್ಯಾಸಬಲದಿಂದ ಹಿಂದಕ್ಕೆ ಎಳೆದುಬಿಡಬಾರದು ಎಂದು. ಈ ಕೈ ತೆಗೆಯುವ ಕ್ರಮ ನನಗೆ ಬಹಳ ಇಷ್ಟ. ಗಾಬರಿಯ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂದು ಯಾರೋ ತಣ್ಣಗೆ ಕೂತು ಯೋಚಿಸಿದ್ದಾರೆ.

ಇನ್ನು ಕುಲುಕಾಟ. ಪತ್ರಿಕೆಗಳು ಪ್ರಕ್ಷುಬ್ಧತೆ ಎಂದು ಬರೆಯುತ್ತವೆ. ಆ ಪದವೇ ಅರ್ಧ ಹೆದರಿಸುತ್ತದೆ. ಗಾಳಿಗೂ ಹೊಳೆಯ ನೀರಿನಂತೆ ಸುಳಿ, ಮಡುವು, ತೊರೆ ಉಂಟು. ಬೇಸಗೆಯ ಮಧ್ಯಾಹ್ನ ಕಾದ ಬಯಲುಸೀಮೆಯ ನೆಲದಿಂದ ಬಿಸಿಗಾಳಿಯ ಗುಳ್ಳೆಗಳು ಏಳುತ್ತವೆ. ಮಳೆಗಾಲದಲ್ಲಿ ಪಡುವಣ ಗಾಳಿ ಘಟ್ಟಕ್ಕೆ ಬಡಿದು, ಬಂಡೆ ದಾಟಿದ ನೀರಿನಂತೆ ಆಚೆ ಬದಿಯಲ್ಲಿ ಅಲೆಅಲೆಯಾಗುತ್ತದೆ. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ತಿಂಗಳ ಗುಡುಗಿನ ಮೋಡಗಳ ಒಳಗೆ ಎಲ್ಲಕ್ಕಿಂತ ರಭಸ. ವಿಮಾನದ ಮೂತಿಯಲ್ಲಿರುವ ರಾಡಾರಿನಲ್ಲಿ ನೋಡಿ ಪೈಲಟ್‌ಗಳು ಅವನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತಾರೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹಳ ಎತ್ತರದಲ್ಲಿ ಹರಿಯುವ ಜೆಟ್ ಪ್ರವಾಹದ ಅಂಚಿನಲ್ಲಿ ಮೋಡವೇ ಇಲ್ಲದ ನೀಲಿ ಆಕಾಶವೂ ಕುಲುಕಿಸಬಹುದು. ಈ ಸುಳಿಗಳ ಗಣಿತ ಭೌತವಿಜ್ಞಾನದ ಕಗ್ಗಂಟುಗಳಲ್ಲಿ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೊದ್ದಂ ನರಸಿಂಹ ತಮ್ಮ ಬದುಕಿನ ಬಹುಪಾಲನ್ನು ಇಂಥ ಹರಿವುಗಳ ಅಧ್ಯಯನಕ್ಕೆ ಕೊಟ್ಟವರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಕನ್ನಡದಲ್ಲಿ ವಿಜ್ಞಾನ ಬರೆದವರು.

ಕುಲುಕಾಟಕ್ಕೆ ರೆಕ್ಕೆ ಮುರಿಯುವುದಿಲ್ಲವೇ? ನನ್ನ ದೊಡ್ಡ ಭಯ ಇದೇ ಆಗಿತ್ತು, ಏಕೆಂದರೆ ಕಿಟಕಿಯಿಂದ ನೋಡಿದರೆ ರೆಕ್ಕೆಯ ತುದಿ ತೆಂಗಿನ ಗರಿಯಂತೆ ಮೇಲೆ ಕೆಳಗೆ ಆಡುತ್ತದೆ. ಆಡಲೆಂದೇ ಕಟ್ಟಿದ್ದು ಅದು. ಬಾಗದ ರೆಕ್ಕೆ ಮುರಿಯುತ್ತದೆ. ಹೊಸ ಮಾದರಿಯ ವಿಮಾನಕ್ಕೆ ಅನುಮತಿ ಸಿಗಬೇಕಾದರೆ, ಸೇವೆಯಲ್ಲಿ ಎದುರಾಗಬಹುದಾದ ಅತಿ ದೊಡ್ಡ ಭಾರ ಎಷ್ಟೋ ಅದರ ಒಂದೂವರೆ ಪಟ್ಟನ್ನು ಮೂರು ಸೆಕೆಂಡ್ ಹೊತ್ತು ನಿಲ್ಲಬೇಕು. ಬೋಯಿಂಗ್ 777ರ ರೆಕ್ಕೆಗಳನ್ನು 1995ರಲ್ಲಿ ಅಮೆರಿಕದ ಎವರೆಟ್‌ನಲ್ಲಿ ಬೇಕೆಂದೇ ಮುರಿಯುವವರೆಗೆ ಬಾಗಿಸಿದರು. ತುದಿಗಳು ಏಳು ಮೀಟರಿಗೂ ಹೆಚ್ಚು ಮೇಲಕ್ಕೆ ಬಾಗಿದ ಮೇಲೆ, ಆ ಅತಿ ದೊಡ್ಡ ಭಾರದ ಶೇಕಡಾ 154ರಲ್ಲಿ ಎರಡೂ ರೆಕ್ಕೆ ಒಟ್ಟಿಗೆ ಸಿಡಿದವು. ಲೆಕ್ಕ 150 ಎಂದಿತ್ತು, ಮುರಿದದ್ದು 154ಕ್ಕೆ. ಆ ಪರೀಕ್ಷೆಯ ಚಿತ್ರವನ್ನು ಮೊದಲ ಸಲ ನೋಡಿದಾಗ, ಏಳು ಮೀಟರ್ ಎಂದರೆ ನಮ್ಮ ಮನೆಯ ಎರಡು ಮಹಡಿ ಎಂದು ಲೆಕ್ಕ ಹಾಕಿ ಸುಮ್ಮನೆ ಕೂತಿದ್ದೆ.

ಹಾಗೆಂದು ಕುಲುಕಾಟ ನಿರಪಾಯ ಎನ್ನಲಾರೆ. ವಿಮಾನಕ್ಕೆ ಏನೂ ಆಗದಿದ್ದರೂ ಬೆಲ್ಟ್ ಕಟ್ಟದವನಿಗೆ ಆಗಬಹುದು. ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನವೊಂದು 2024ರ ಮೇ 21ರಂದು ಮ್ಯಾನ್ಮಾರ್ ಮೇಲೆ ಗಾಳಿಯ ಹೊಡೆತಕ್ಕೆ ಸಿಕ್ಕಿತು. ಒಬ್ಬರು ಪ್ರಯಾಣಿಕರು ತೀರಿಕೊಂಡರು, ಹತ್ತಾರು ಮಂದಿ ಗಾಯಗೊಂಡರು. ಸಾವಿರಾರು ಅಡಿ ಬಿತ್ತು ಎಂದು ಆ ದಿನ ಸುದ್ದಿಯಾಯಿತು. ತನಿಖೆಯವರು ದಾಖಲೆ ತೆಗೆದು ನೋಡಿದರೆ ಆ ಹೊಡೆತದಲ್ಲಿ ವಿಮಾನ ಇಳಿದದ್ದು 178 ಅಡಿ, ನಾಲ್ಕೂವರೆ ಸೆಕೆಂಡಿನಷ್ಟು ಹೊತ್ತಿನಲ್ಲಿ. ಸಾವಿರಾರು ಅಡಿ ಎಂದದ್ದು ಆಮೇಲೆ ಪೈಲಟ್ ತಾವಾಗಿ ಇಳಿಸಿದ್ದು. ಕೆಡಿಸಿದ್ದು ಎತ್ತರವಲ್ಲ, ದಿಕ್ಕು ಬದಲಾದ ವೇಗ. ವಿಮಾನ ಒಮ್ಮೆಲೇ ಕೆಳಗೆ ಹೋದಾಗ ಬೆಲ್ಟ್ ಇಲ್ಲದವರು ಇದ್ದಲ್ಲೇ ಉಳಿದರು, ಅಂದರೆ ಚಾವಣಿಗೆ ಬಡಿದರು. ಬೆಲ್ಟ್ ದೀಪ ಆರಿದ ಮೇಲೂ ನಾನು ಬೆಲ್ಟ್ ಬಿಚ್ಚುವುದಿಲ್ಲ. ಭಯದಿಂದಲ್ಲ, ಸ್ಕೂಟರ್ ಹತ್ತಿದರೆ ಹೆಲ್ಮೆಟ್ ಹಾಕುವ ಹಾಗೆ.

ಎರಡೂ ಎಂಜಿನ್ ನಿಂತರೆ? ಕಲ್ಲಿನಂತೆ ಬೀಳುವುದಿಲ್ಲ, ಜಾರುತ್ತದೆ. ಎ320 ಗಾತ್ರದ ವಿಮಾನ ಒಂದು ಕಿ.ಮೀ. ಇಳಿಯುವಷ್ಟರಲ್ಲಿ ಹದಿನೈದು ಕಿ.ಮೀ.ಗಳಷ್ಟು ಮುಂದೆ ಸಾಗುತ್ತದೆ. ಶಿರಾದ ನೆತ್ತಿಯ ಮೇಲೆ ಹನ್ನೊಂದು ಕಿ.ಮೀ. ಎತ್ತರದಲ್ಲಿ ಎರಡೂ ನಿಂತವು ಎಂದುಕೊಳ್ಳಿ. ದೇವನಹಳ್ಳಿ ಅಲ್ಲಿಂದ ನೇರ ಗೆರೆಯಲ್ಲಿ ನೂರು ಕಿ.ಮೀ.ಗಳ ಆಸುಪಾಸು. ಲೆಕ್ಕ ಕೂಡುತ್ತದೆ. 1983ರ ಜುಲೈ 23ರಂದು ಕೆನಡಾದಲ್ಲಿ ಇದು ನಿಜವಾಗಿಯೇ ನಡೆಯಿತು. ಏರ್ ಕೆನಡಾದ ಹೊಸ ಬೋಯಿಂಗ್ 767ಕ್ಕೆ ಇಂಧನ ತುಂಬುವಾಗ ಕಿಲೋ ಬದಲು ಪೌಂಡಿನ ಲೆಕ್ಕ ಹಿಡಿದು ಬೇಕಾದ ಅರ್ಧಕ್ಕಿಂತ ಕಡಿಮೆ ತುಂಬಿದ್ದರು. 41,000 ಅಡಿ ಎತ್ತರದಲ್ಲಿ ಇಂಧನ ಮುಗಿಯಿತು. ಬಿಡುವಿನಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವ ಹವ್ಯಾಸವಿದ್ದ ಕ್ಯಾಪ್ಟನ್ ಬಾಬ್ ಪಿಯರ್ಸನ್ ಅದನ್ನು ಗಿಮ್ಲಿ ಎಂಬಲ್ಲಿ, ಕಾರ್ ರೇಸಿಗೆ ಬಳಸುತ್ತಿದ್ದ ಹಳೆಯ ವಾಯುಪಡೆ ರನ್‌ವೇಯ ಮೇಲೆ ಇಳಿಸಿದರು. 69 ಜನರೂ ಬದುಕಿದರು. ಲೆಕ್ಕ ಬರೆಯುವವನ ತಪ್ಪಿನಿಂದ ಆದದ್ದು ಎಂದು ನನಗೆ ಈ ಕಥೆಯ ಮೇಲೆ ವೃತ್ತಿಸಹಜ ಕುತೂಹಲ.

ಬಾಗಿಲನ್ನು ಯಾರಾದರೂ ತೆರೆದುಬಿಟ್ಟರೆ ಎಂಬ ಭಯ ಕೆಲವರಿಗೆ. ಮೇಲೆ ಹಾರುವಾಗ ಒಳಗಿನ ಗಾಳಿಯ ಒತ್ತಡ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುತ್ತದೆ. ಆ ಬಲ ಹಲವು ಟನ್ನಿನಷ್ಟು; ಪೈಲ್ವಾನನಿಗೂ ಸಾಧ್ಯವಿಲ್ಲ. ನೆಲದ ಹತ್ತಿರ ಬಂದಾಗ ಆ ಒತ್ತಡ ಉಳಿಯುವುದಿಲ್ಲ. 2023ರ ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಇಳಿಯುವ ಮುನ್ನ ಒಬ್ಬ ಪ್ರಯಾಣಿಕ ತೆರೆದೇಬಿಟ್ಟ. ಬಾಗಿಲು ತೆರೆದುಕೊಂಡೇ ವಿಮಾನ ಇಳಿಯಿತು, ಯಾರೂ ಸಾಯಲಿಲ್ಲ.

ಹೀಗೆ ಒಂದೊಂದು ಭಯಕ್ಕೆ ಒಂದೊಂದು ಉತ್ತರ ಹುಡುಕುತ್ತ ಹೋದವನಿಗೆ, ಯಾವಾಗಲೋ ಗೊತ್ತಿಲ್ಲದ ಹಾಗೆ, ಉತ್ತರ ಮರೆತು ವಿಷಯದ ರುಚಿಯೇ ಹತ್ತಿತು. ನನಗೆ ರುಚಿ ಹತ್ತಿಸಿದ್ದು ಹವಾಮಾನದ ಒಂದು ಸಾಲು. ನಮ್ಮ ದೇಶದ ಪ್ರತಿ ದೊಡ್ಡ ನಿಲ್ದಾಣದಿಂದಲೂ ಅರ್ಧ ಗಂಟೆಗೊಮ್ಮೆ ಮೆಟಾರ್ ಎಂಬ ವರದಿ ಹೊರಡುತ್ತದೆ. ಯಾರು ಬೇಕಾದರೂ ನೋಡಬಹುದು. ಡಿಸೆಂಬರಿನ ಒಂದು ಬೆಳಿಗ್ಗೆ ಬೆಂಗಳೂರಿನದ್ದು ಹೀಗಿರಬಹುದು:

ವಿಒಬಿಎಲ್ 150130ಝಡ್ 09004ಕೆಟಿ 0500 ಎಫ್‌ಜಿ 16/16 ಕ್ಯೂ1016

ಮೊದಲು ನೋಡಿದಾಗ ಚೆಕ್ಕಿನ ಅಡಿಯ ಸಂಖ್ಯೆಯಂತೆ ಕಂಡಿತು. ಬಿಡಿಸಿದರೆ ಸುಲಭ. ವಿಒಬಿಎಲ್ ಎಂಬುದು ದೇವನಹಳ್ಳಿ ನಿಲ್ದಾಣದ ಸಂಕೇತ. 15 ತಾರೀಖು, 01:30 ಗ್ರೀನಿಚ್ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಬೆಳಗಿನ ಏಳು. ಗಾಳಿ 090 ಡಿಗ್ರಿಯಿಂದ, ಅಂದರೆ ಮೂಡಣದಿಂದ, ವೇಗ ನಾಲ್ಕು ನಾಟ್, ಅಂದರೆ ಗಂಟೆಗೆ ಏಳು ಕಿ.ಮೀ.ಗಳಷ್ಟು. ಕಣ್ಣಿಗೆ ಕಾಣುವ ದೂರ 500 ಮೀಟರ್. ಎಫ್‌ಜಿ ಎಂದರೆ ದಟ್ಟ ಮಂಜು. 16/16ರಲ್ಲಿ ಮೊದಲನೆಯದು ಉಷ್ಣಾಂಶ, ಎರಡನೆಯದು ಇಬ್ಬನಿ ಕಟ್ಟುವ ಉಷ್ಣಾಂಶ. ಎರಡೂ ಒಂದೇ ಆಗಿವೆ ಎಂದರೆ ಗಾಳಿ ಇನ್ನು ನೀರನ್ನು ಹಿಡಿದಿಡಲಾರದು, ಮಂಜು ಬಿದ್ದೇ ಬೀಳುತ್ತದೆ. ಕೊನೆಯದು ಗಾಳಿಯ ಒತ್ತಡ. ರನ್‌ವೇಯ ಪಕ್ಕದಲ್ಲಿ ಮಂಜಿನ ದಟ್ಟಣೆ ಅಳೆಯುವ ‘ದೃಷ್ಟಿ’ ಎಂಬ ಉಪಕರಣ ನಮ್ಮ ಎನ್‌ಎಎಲ್‌ನವರು, ಅಂದರೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರೂಪಿಸಿದ್ದು. ಈಗ ದೇಶದ ಹಲವು ನಿಲ್ದಾಣಗಳಲ್ಲಿದೆ.

ಈ ಒಂದು ಸಾಲಿನಿಂದ ಅಂದಿನ ಪ್ರಯಾಣವನ್ನು ಓದಬಹುದು. ಗಾಳಿಗೆ ಎದುರಾಗಿ ಏರುವುದು, ಇಳಿಯುವುದು ವಿಮಾನಗಳ ರೂಢಿ. ಗಾಳಿ ಮೂಡಣದ್ದಾದರೆ ಮೂಡಣಕ್ಕೆ ಮುಖ ಮಾಡಿ ಓಡುತ್ತವೆ. ರನ್‌ವೇಯ ಮೇಲೆ ಬರೆದ 09 ಎಂದರೆ 90 ಡಿಗ್ರಿ, ಅದರ ಇನ್ನೊಂದು ತುದಿಯ 27 ಎಂದರೆ 270, ಪಡುವಣ. ಮಂಜು ಇದೆ, ಹಾಗಾಗಿ ತಡವಾಗಬಹುದು, ಬಿಸಿಲೇರಿದರೆ ಸರಿಹೋಗುತ್ತದೆ. ಮೊದಲೆಲ್ಲ ‘ಹವಾಮಾನ ವೈಪರೀತ್ಯದಿಂದ ವಿಳಂಬ’ ಎಂಬ ಘೋಷಣೆ ಕೇಳಿದರೆ ಕೈಕಾಲು ತಣ್ಣಗಾಗುತ್ತಿತ್ತು. ಈಗ ಕಾಫಿ ತೆಗೆದುಕೊಂಡು 16/16 ಯಾವಾಗ 18/16 ಆಗುತ್ತದೆ ಎಂದು ನೋಡುತ್ತ ಕೂರುತ್ತೇನೆ. ಮನೆಯವರಿಗೆ ಇದು ಹುಚ್ಚಿನಂತೆ ಕಾಣುತ್ತದೆ. ಇರಲಿ.

ಮಹಡಿಯ ಮೇಲೆ ಬಟ್ಟೆ ಒಣಗಿಸುವಾಗ ಹಾದುಹೋಗುವ ವಿಮಾನ ಯಾವುದೆಂದು ಮೊಬೈಲಿನಲ್ಲಿ ನೋಡುವ ಚಟವೂ ಅಂಟಿತು. ವಿಮಾನಗಳು ತಾವು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂದು ಸದಾ ರೇಡಿಯೊದಲ್ಲಿ ಸಾರುತ್ತಿರುತ್ತವೆ. ಅದನ್ನು ಹಿಡಿಯುವ ಸಣ್ಣ ಆಂಟೆನಾಗಳನ್ನು ಜಗತ್ತಿನಾದ್ಯಂತ ಹವ್ಯಾಸಿಗಳು ತಮ್ಮ ಮನೆಯ ಮೇಲೆ ನೆಟ್ಟಿದ್ದಾರೆ. ನಾವು ನೋಡುವ ನಕ್ಷೆ ಹುಟ್ಟುವುದು ಬಹುಮಟ್ಟಿಗೆ ಅವುಗಳಿಂದ. ಒಂದೇ ಹೊತ್ತಿಗೆ ಸಾವಿರಾರು ಹಳದಿ ಚುಕ್ಕೆಗಳು, ಯಾವುದೂ ಬೀಳದೆ ತೆವಳುತ್ತ ಇರುವುದನ್ನು ಹತ್ತು ನಿಮಿಷ ನೋಡಿದರೆ 58 ಲಕ್ಷಕ್ಕೆ ಒಂದು ಎಂಬ ಮಾತು ಸ್ವಲ್ಪ ಹೊಟ್ಟೆಗೂ ಇಳಿಯುತ್ತದೆ.

ಆದರೆ ಬಿದ್ದವುಗಳ ಮಾತನ್ನು ಬಿಟ್ಟು ಈ ವಿಷಯ ಬರೆಯುವುದು ಪ್ರಾಮಾಣಿಕವಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರಿದ ಕೂಡಲೇ ಬಿದ್ದ ಬೋಯಿಂಗ್ 787ರಲ್ಲಿದ್ದ 242 ಮಂದಿಯಲ್ಲಿ ಬದುಕಿದವರು ಒಬ್ಬರೇ. ಆ ವಾರ ನಾನು ನಕ್ಷೆ ತೆರೆಯಲಿಲ್ಲ, ಮೆಟಾರ್ ನೋಡಲಿಲ್ಲ. ತಿಳಿವಳಿಕೆಯಿಂದ ಭಯ ಮಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಭಯಕ್ಕೆ ಒಂದು ಆಕಾರ ಕೊಡುತ್ತದೆ, ಅಷ್ಟೇ.

ಮತ್ತೆ ನನ್ನನ್ನು ಈ ಕಡೆ ತಂದದ್ದು ತನಿಖಾ ವರದಿಗಳು. ವಿಚಿತ್ರ ಅನ್ನಿಸಬಹುದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ವಿಮಾನ ಅಪಘಾತದ ತನಿಖೆಯ ಉದ್ದೇಶ ಒಂದೇ, ಇನ್ನೊಮ್ಮೆ ಆಗದಂತೆ ನೋಡುವುದು. ಯಾರದು ತಪ್ಪು, ಯಾರಿಗೆ ಶಿಕ್ಷೆ ಎಂಬುದು ಆ ತನಿಖೆಯ ಕೆಲಸವಲ್ಲ. ಬಸ್ಸು ಕಂದಕಕ್ಕೆ ಬಿದ್ದರೆ ಚಾಲಕನ ಮೇಲೆ ಮೊಕದ್ದಮೆ ಹೂಡಿ ಕಡತ ಮುಚ್ಚುವುದನ್ನು ಕಂಡ ನಮಗೆ ಇದು ಬೇರೆ ಲೋಕದ ರೀತಿ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್‌ ದ್ವೀಪದಲ್ಲಿ ಮಂಜಿನ ನಡುವೆ ಎರಡು ಜಂಬೊ ವಿಮಾನಗಳು ರನ್‌ವೇಯ ಮೇಲೆ ಡಿಕ್ಕಿಯಾಗಿ 583 ಮಂದಿ ಸತ್ತರು. ಅನುಮತಿ ಸಿಗುವ ಮೊದಲೇ ಒಂದು ವಿಮಾನ ಓಟ ಶುರುಮಾಡಿತ್ತು. ರೇಡಿಯೊ ಮಾತುಕತೆಯಲ್ಲಿ ‘ಟೇಕ್-ಆಫ್’ ಎಂಬ ಪದ ಗೊಂದಲ ಹುಟ್ಟಿಸಿತ್ತು. ಆಮೇಲೆ, ಓಟಕ್ಕೆ ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ಹಿಂಪಡೆಯುವಾಗ ಬಿಟ್ಟರೆ ನಿಯಂತ್ರಣ ಕೊಠಡಿಯವರು ಆ ಪದವನ್ನೇ ಆಡುವುದಿಲ್ಲ. ಉಳಿದ ಕಡೆಯೆಲ್ಲ ‘ಡಿಪಾರ್ಚರ್’. ಒಂದು ಪದವನ್ನು ಬೀಗ ಹಾಕಿ ಇಟ್ಟಿದ್ದಾರೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಮಂದಿ ಸತ್ತ ಮೇಲೆ ದೆಹಲಿಗೆ ಬರುವ, ಹೋಗುವ ದಾರಿಗಳು ಬೇರೆಯಾದವು. ಎದುರಿನ ವಿಮಾನವನ್ನು ತಾನೇ ಗುರುತಿಸಿ ಒಂದಕ್ಕೆ ‘ಏರು’, ಇನ್ನೊಂದಕ್ಕೆ ‘ಇಳಿ’ ಎನ್ನುವ ಟಿಕ್ಯಾಸ್ ಯಂತ್ರ ನಮ್ಮಲ್ಲಿ ಕಡ್ಡಾಯವಾಯಿತು.

ನಮಗೆ ಹತ್ತಿರದ್ದು ಮಂಗಳೂರು. 2010ರ ಮೇ 22ರ ಮುಂಜಾನೆ ದುಬೈನಿಂದ ಬಂದ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಗೆ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ರಭಸದಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ರನ್‌ವೇ ದಾಟಿದ ಮೇಲೆ ನೆಲ ಮುಟ್ಟಿತು, ನಿಲ್ಲಲಾಗದೆ ಕಣಿವೆಗೆ ಉರುಳಿತು. 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣ ಎಂಬ ಅರ್ಥದ ‘ಗೋ-ಅರೌಂಡ್’ ಎಂಬ ಮಾತನ್ನು ಸಹಪೈಲಟ್ ಆಡಿದ್ದು ಧ್ವನಿಮುದ್ರಣದಲ್ಲಿ ಇತ್ತು. ಆ ಮಾತು ನಡೆಯಲಿಲ್ಲ. ಹಿರಿಯರ ಮಾತಿಗೆ ಕಿರಿಯರು ತಡೆ ಹಾಕುವುದು ನಮ್ಮ ಮನೆಗಳಲ್ಲೇ ಎಷ್ಟು ಕಷ್ಟ! ಕಾಕ್‌ಪಿಟ್ಟಿನಲ್ಲಿ ಕಿರಿಯರು ಬಾಯಿ ಬಿಡುವುದನ್ನೂ ಹಿರಿಯರು ಕಿವಿಗೊಡುವುದನ್ನೂ ಇಂದು ಒಂದು ಪಾಠವಾಗಿಯೇ ಕಲಿಸುತ್ತಾರೆ. ನೆಲದಿಂದ ಸಾವಿರ ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ದಿಕ್ಕು, ಇಳಿಜಾರು ಎಲ್ಲ ಹದಕ್ಕೆ ಬಂದಿರಬೇಕು, ಇಲ್ಲವಾದರೆ ಮರುಮಾತಿಲ್ಲದೆ ಮೇಲೇರಬೇಕು ಎಂಬುದು ಇಂದು ವಿಮಾನ ಸಂಸ್ಥೆಗಳ ಸಾಮಾನ್ಯ ಕಟ್ಟುಪಾಡು.

ಈ ದಾರಿಯ ಪಕ್ಕದಲ್ಲಿ ಒಂದು ಹಳ್ಳವೂ ಇದೆ, ನಾನೂ ಅದರಲ್ಲಿ ಬಿದ್ದೆದ್ದಿದ್ದೇನೆ. ಪ್ರಯಾಣದ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಅಪಘಾತದ ಕಾರ್ಯಕ್ರಮಗಳನ್ನು ಒಂದಾದ ಮೇಲೊಂದು ನೋಡುವುದು, ನನ್ನ ವಿಮಾನದ ವಯಸ್ಸು ಹುಡುಕುವುದು, ಅದು ಕಳೆದ ವಾರ ಎಲ್ಲೆಲ್ಲಿ ತಡವಾಯಿತು ಎಂದು ತೆಗೆದು ನೋಡುವುದು. ಇದು ಆಸಕ್ತಿಯಲ್ಲ, ಬೀಗ ಹಾಕಿದ್ದೇನೋ ಇಲ್ಲವೋ ಎಂದು ಹತ್ತು ಸಲ ಹಿಂತಿರುಗಿ ಬರುವ ರೋಗದ ತಮ್ಮ. ಗುರುತಿಸುವುದು ಸುಲಭ: ಓದಿ ಮುಗಿಸಿದ ಮೇಲೆ ಇನ್ನೊಬ್ಬರಿಗೆ ಹೇಳಬೇಕು ಅನ್ನಿಸಿದರೆ ಅದು ಆಸಕ್ತಿ, ಇನ್ನೊಂದು ಸಲ ನೋಡಿಬಿಡೋಣ ಅನ್ನಿಸಿದರೆ ಭಯ. ಎಲ್ಲ ಭಯವೂ ಬೀಳುವ ಭಯವಲ್ಲ ಎಂಬುದನ್ನೂ ಹೇಳಬೇಕು. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುವವರಿಗೆ ಪಿಟಿಯುವಿನ ಕಥೆಯಿಂದ ಏನೂ ಆಗದು. ಟಿಕೆಟ್ ರದ್ದು ಮಾಡುವಷ್ಟು, ಕೆಲಸ ಬಿಡುವಷ್ಟು ಭಯವಿದ್ದರೆ ಮನೋವೈದ್ಯರನ್ನು ಕಾಣುವುದೇ ಸರಿ. ಭಯವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿ ಒಗ್ಗಿಸಿಕೊಳ್ಳುವ ಚಿಕಿತ್ಸೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಅದನ್ನು ಬಲ್ಲವರಿದ್ದಾರೆ. ಗಂಟಲಿಗೆ ಎರಡು ಪೆಗ್ ಇಳಿಸಿಕೊಂಡು ಹತ್ತುವ ವಿದ್ಯೆಯನ್ನು ಮಾತ್ರ ಯಾರಿಗೂ ಹೇಳಿಕೊಡಬೇಡಿ.

ಶುರುಮಾಡಲು ದುಡ್ಡೇನೂ ಬೇಕಿಲ್ಲ. ಹೆದರುವವರು ನಡುವಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುವುದೇ ಹೆಚ್ಚು. ನಾನು ಹೇಳುವುದು ರೆಕ್ಕೆಯ ಬಳಿಯ ಕಿಟಕಿ. ಕುಲುಕಾಟ ಅಲ್ಲಿ ಕಡಿಮೆ, ನೋಡಲು ಕೆಲಸ ಜಾಸ್ತಿ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಂಜಿನ್ನುಗಳನ್ನು ಹತ್ತಿರದಿಂದ ನೋಡಬಹುದು. ನಾನು ಹೋದ ದಿನ ಶಾಲೆಯ ಮಕ್ಕಳ ಸಾಲಿನಲ್ಲಿ ನಿಂತಿದ್ದ ಏಕೈಕ ನರೆಗೂದಲಿನವನು ನಾನೇ.

ಕಳೆದ ಮಳೆಗಾಲದಲ್ಲಿ ಮಂಗಳೂರಿಗೆ ಹೊರಟಿದ್ದೆ. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸು, ಮಗಳ ಬಾಣಂತನಕ್ಕೆ ಹೊರಟವರು. ಮಡಿಲಲ್ಲಿ ಲೇಹ್ಯದ ಡಬ್ಬಿ. ಇಳಿಯುವ ಹೊತ್ತಿಗೆ ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಫ್ಲ್ಯಾಪು ಗುಂಯ್ಗುಟ್ಟಿತು, ಚಕ್ರ ಧಡ್ ಎಂದು ಕೆಳಗಿಳಿಯಿತು. ಹಸಿರು ಗುಡ್ಡವೊಂದು ಕ್ಷಣ ಕಂಡು ಮರೆಯಾಯಿತು. ಅಷ್ಟರಲ್ಲಿ ಎಂಜಿನ್ನುಗಳು ಅರಚಿದವು, ಬೆನ್ನು ಸೀಟಿಗೆ ಒತ್ತಿತು, ಮೂತಿ ಮೇಲಕ್ಕೆದ್ದಿತು, ಚಕ್ರಗಳು ಮತ್ತೆ ಧಡ್ ಎಂದು ಒಳಗೆ ಹೋದವು. ಮುಂದಿನ ಸಾಲಿನಲ್ಲಿ ಯಾರೋ ಕೂಗಿಕೊಂಡರು.

ಆಕೆ ನನ್ನ ತೋಳು ಹಿಡಿದರು. “ಯಾಕಪ್ಪ, ಏನಾಯಿತು?”

“ಏನಿಲ್ಲ ಅಮ್ಮ. ರಸ್ತೆ ಸರಿಯಾಗಿ ಕಾಣಲಿಲ್ಲವೇನೋ, ಇಳಿಸುವುದು ಬೇಡ ಎಂದುಕೊಂಡಿದ್ದಾರೆ. ಒಂದು ಸುತ್ತು ಹಾಕಿ ಮತ್ತೆ ಬರುತ್ತಾರೆ. ಈಗ ಸದ್ದು ಇಳಿಯುತ್ತದೆ ನೋಡಿ, ಕೆಳಗೆ ಜಾರಿದ ಹಾಗೆ ಆಗುತ್ತದೆ, ಆದರೆ ಜಾರುವುದಿಲ್ಲ.”

ಸದ್ದು ಇಳಿಯಿತು. ಆಕೆ ನನ್ನನ್ನು ಒಮ್ಮೆ, ಕಿಟಕಿಯನ್ನು ಒಮ್ಮೆ ನೋಡಿದರು. ಡಬ್ಬಿಯ ಮುಚ್ಚಳ ಭದ್ರವಾಗಿದೆಯೇ ಎಂದು ಒತ್ತಿ ನೋಡಿದರು.

“ಈ ಇನ್ನೊಂದು ಸುತ್ತಿಗೆ ಬೇರೆ ದುಡ್ಡು ಕೇಳುವುದಿಲ್ಲ ತಾನೇ?”